ಪಟ್ಟದ ಗೂಳಿಯನ್ನು ಕರೆದವಳು

ಇದು ನಿಜವಾಗಿ ನಡೆದ ಕಥೆ. ಕಟ್ಟಿದ ಕಥೆಯಾಗಿದ್ದರೆ ಯುವಶ್ರೀಯನ್ನು ಇನ್ನೊಂದಿಷ್ಟು ಒಳ್ಳೆಯವಳನ್ನಾಗಿ ಮಾಡಬಹುದಿತ್ತು. ನಿಜ ನೋಡಿ, ಆ ಅನುಕೂಲ ಇಲ್ಲ.

ತಮಿಳುನಾಡಿನ ಬತ್ತಲಗುಂಡಿನ ಒಂದು ಶಾಲೆಯಲ್ಲಿ ತಮಿಳು ಪಾಠ ಹೇಳುವ ಯುವಶ್ರೀಯ ಗಂಟಲಲ್ಲಿ ಹದಿನಾರು ಜನ ವಾಸವಾಗಿದ್ದರು. ಪ್ರತಿ ಮಾತಿಗೂ ಮುಂಚೆ ಎರಡು ಸಲ ಕೆಮ್ಮುವ ಹೆಡ್‌ಮಾಸ್ಟರ್, ಕೊಡೈಕೆನಾಲ್ ಬಸ್ಸಿನ ಕಂಡಕ್ಟರ್, ಜಂಕ್ಷನ್ನಿನಲ್ಲಿ ಮಲ್ಲಿಗೆ ಮಾರುವ ಮೂಗುದನಿಯ ಅಕ್ಕ, ಸ್ಟಾಫ್ ರೂಮಿನ ಕೀರಲು ಫ್ಯಾನು. ಹೌದು, ಫ್ಯಾನೂ ತಲೆಯೆಣಿಕೆಗೆ ಸೇರಿತ್ತು. ಊಟದ ಬಿಡುವಿನಲ್ಲಿ ಅವಳು ಬಾಯಿ ತೆರೆದರೆ ಸಾಕು, ಒಬ್ಬರ ಹಿಂದೊಬ್ಬರು ಹೊರಗೆ ಬರುತ್ತಿದ್ದರು. ಅಲ್ಲಿದ್ದ ಹನ್ನೊಂದು ಮೇಷ್ಟ್ರುಗಳಲ್ಲಿ ಹತ್ತು ಜನ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟು ನಗುತ್ತಿದ್ದರು.

ಹನ್ನೊಂದನೆಯವನು ತಮಿಳ್‌ಸೆಲ್ವನ್. ಗಣಿತದವನು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದ. ಅವಳು ಏನೇ ಮಾಡಿದರೂ ಅವನ ಬಾಯಿಯ ಎಡಮೂಲೆ ಮಾತ್ರ ಒಂದಿಷ್ಟು ಮೇಲೇಳುತ್ತಿತ್ತು. ಬಲಮೂಲೆ ಯಾವಾಗಲೂ ರಜೆಯ ಮೇಲೆ.

ಜೂನ್‌ನಲ್ಲಿ ಅವನು ಶಾಲೆಗೆ ಸೇರಿದ ವಾರ, ಅವಳು ಹೆಡ್‌ಮಾಸ್ಟರರನ್ನು ಮುಗಿಸಿ ನೀರು ಕುಡಿಯುತ್ತಿದ್ದಾಗ, ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ್ದ:

"ಚೆಂದ ಐತೆ ಮಿಸ್. ಎಲ್ಲಾರ್ದೂ ಆಯ್ತು. ನಿಮ್ದು ಯಾವ್ದು?"

ನೀರು ನೆತ್ತಿಗೇರಿತು. ಪ್ರಶ್ನೆಗಲ್ಲ, ಭಾಷೆಗೆ. ಅದು ಅವಳ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಕೇಳುವ ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಯಾರೋ ದನ ಹೊಡೆದುಕೊಂಡು ಈ ಕಡೆ ಬರುವಾಗ ಬಾಯಲ್ಲಿ ತಂದದ್ದು.

"ನಿಮಗೆ ಹೆಂಗ್ ಗೊತ್ತಾಯ್ತು, ನಾವೂ..." ಎಂದು ಶುರುಮಾಡಿ ತಮಿಳಿಗೆ ಜಾರಿದಳು.

"ಬೆಳಗ್ಗೆ ಫೋನ್‌ನಲ್ಲಿ ನಿಮ್ಮಪ್ಪನ ಹತ್ರ 'ಬಂದ್ನಪ್ಪಾ' ಅಂದ್ರಿ. ನಾನು ಕಂಬಂ ಕಡೆಯವನು. ಅಲ್ಲೂ ಹಿಂಗೇ ಅಂತಾರೆ."

ಯುವಶ್ರೀಗೆ ಮನೆಮಾತು ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ವಿಚಿತ್ರವೆಂದರೆ, ಅಪ್ಪನ ದನಿ ತೆಗೆದರೆ ನೀರು ಕುಡಿದ ಹಾಗೆ ಬರುತ್ತಿತ್ತು. ತನ್ನ ದನಿಯಲ್ಲಿ ಎರಡು ವಾಕ್ಯ ಆಡಿದರೆ ನಾಲಿಗೆ ತೊಡರುತ್ತಿತ್ತು. ಆದ್ದರಿಂದ 'ನಿಮ್ದು ಯಾವ್ದು' ಎಂಬ ಆ ಮಾತು ಮೆತ್ತಗಿನ ಮುಳ್ಳಿನಂತೆ ಒಳಗೇ ಉಳಿಯಿತು.

ಪ್ರತಿ ಸೋಮವಾರ ಊರಿಂದ ಬರುವಾಗ ಅವನು ಸ್ಟಾಫ್ ರೂಮಿಗೆ ಒಂದು ಚಿಪ್ಪು ಬಾಳೆಹಣ್ಣು ತರುತ್ತಿದ್ದ. ಅದು ಎಲ್ಲರಿಗೆ. ಅವಳ ಮೇಜಿನ ಮೇಲೆ ಮಾತ್ರ ಪೇಪರಿನಲ್ಲಿ ಸುತ್ತಿದ ಒಂದು ಗೊಂಚಲು ಪನ್ನೀರ್ ದ್ರಾಕ್ಷಿ ಇರುತ್ತಿತ್ತು. ಹೆಸರಿಲ್ಲ, ಚೀಟಿಯಿಲ್ಲ. ಅವಳು ತಲೆಯೆತ್ತಿದರೆ ಅವನು ಕಿಟಕಿಯಾಚೆಯ ಕೊಡೈ ಬೆಟ್ಟವನ್ನು ಈಗಷ್ಟೇ ಕಂಡವನಂತೆ ನೋಡುತ್ತಿರುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

*

ನವೆಂಬರಿನಲ್ಲಿ ಮಕ್ಕಳ ದಿನದ ವಾರಕ್ಕೆ ಒಂದು ಪಟ್ಟಿಮಂಡ್ರಂ ಇಡಬೇಕೆಂದು ಹೆಡ್‌ಮಾಸ್ಟರ್ ಎರಡು ಸಲ ಕೆಮ್ಮಿ ತೀರ್ಮಾನಿಸಿದರು. ವೇದಿಕೆಯ ಮೇಲೆ ಎರಡು ಪಕ್ಷ, ನಡುವೆ ಒಬ್ಬ ತೀರ್ಪುಗಾರ, ಕೆಳಗೆ ಚಪ್ಪಾಳೆ. ವಿಷಯ: ಲೈಬ್ರರಿಯಲ್ಲಿದ್ದ ಒಂದು ಹಳೆಯ ಮಕ್ಕಳ ಕಾದಂಬರಿ. ಮೂರು ತಲೆಮಾರಿನ ಮಕ್ಕಳು ಓದಿ ಓದಿ ಅದರ ರಟ್ಟು, ಮೊದಲ ನಾಲ್ಕು ಹಾಳೆ ಎಲ್ಲವೂ ಹೋಗಿದ್ದವು. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ 'ಗೂಳಿ ಪುಸ್ತಕ' ಎನ್ನುತ್ತಿದ್ದರು.

ಕಥೆ ಸರಳ. ಒಂದು ಕಾಡಂಚಿನ ಹಳ್ಳಿ. ಅಲ್ಲೊಂದು ಗೂಳಿ, ಒಂದು ಮೈನಾ. ಗೂಳಿ ಇಡೀ ಪುಸ್ತಕದಲ್ಲಿ ಮೂರೇ ಸಲ ಕೂಗುತ್ತದೆ. ಮೈನಾ ಪುಟಪುಟದಲ್ಲೂ ಕೂಗುತ್ತದೆ, ಆದರೆ ಎಲ್ಲ ಬೇರೆಯವರ ದನಿಯಲ್ಲಿ. ಒಂದು ದಿನ, ಸತ್ತುಹೋದ ದನಗಾಹಿಯ ದನಿಯಲ್ಲಿ ಮೈನಾ ಗೂಳಿಯನ್ನು ಕರೆಯುತ್ತದೆ, ಸುಮ್ಮನೆ ತಮಾಷೆಗೆ. ಗೂಳಿ ಮೇವು ಬಿಟ್ಟು, ಹೊಳೆ ದಾಟಿ, ಆ ಕಡೆಗೆ ನಡೆದುಬಿಡುತ್ತದೆ. ಮುಂದೆ ಏನೇನೋ ಆಗುತ್ತದೆ. ಕೊನೆಯ ಪುಟದಲ್ಲಿ ಮೈನಾ ಮೊದಲ ಸಲ ತನ್ನ ಸ್ವಂತ ದನಿಯಲ್ಲಿ ಬಾಯಿ ತೆರೆಯುತ್ತದೆ. ಆ ದನಿ ಹೇಗಿತ್ತು ಅಂತ ಬರೆದವರು ಹೇಳದೆ ಪುಸ್ತಕ ಮುಗಿಸಿದ್ದಾರೆ.

ಗೂಳಿಯ ಪಕ್ಷ ತಮಿಳ್‌ಸೆಲ್ವನ್‌ಗೆ, ಮೈನಾದ ಪಕ್ಷ ಯುವಶ್ರೀಗೆ. ಚೀಟಿ ಎತ್ತುವ ಅಗತ್ಯವೇ ಬೀಳಲಿಲ್ಲ.

ಬೇವಿನ ಮರದ ಕೆಳಗೆ ತಯಾರಿ ನಡೆಯುತ್ತಿತ್ತು. ಒಂಬತ್ತನೆಯ ಕ್ಲಾಸಿನ ಜನನಿ ಬಂದು ಕೇಳಿದಳು: "ಸಾರ್, ಗೂಳಿ ಮೋಸಹೋಯ್ತಾ, ಇಲ್ಲಾ ಗೊತ್ತಿದ್ದೇ ಹೋಯ್ತಾ?"

"ಮೋಸಹೋಯ್ತು," ಎಂದಳು ಯುವಶ್ರೀ.

"ಗೊತ್ತಿತ್ತು," ಎಂದ ತಮಿಳ್‌ಸೆಲ್ವನ್.

ಜನನಿ ಇಬ್ಬರ ಮುಖವನ್ನೂ ನೋಡಿ, ದೊಡ್ಡವರ ಜಗಳ ಎಂದುಕೊಂಡು, ಹೋಗಿಬಿಟ್ಟಳು.

"ಎಲ್ಲೈತೆ ಆಧಾರ?" ಯುವಶ್ರೀ ಪುಸ್ತಕ ಅವನ ಮುಂದೆ ತಳ್ಳಿದಳು. "ನಿಮ್ಮ ಗೂಳಿ ದೊಡ್ಡ ತಲೆಯ ದಡ್ಡ. ಮೈನಾ ಇಷ್ಟು ಹಿಡಿ ಗಾತ್ರ, ಆದ್ರೆ ಇಡೀ ಊರೇ ಅದರ ಗಂಟಲಲ್ಲಿ."

"ಊರೆಲ್ಲಾ ಐತೆ. ಮೈನಾ ಇಲ್ಲ," ಎಂದ. ಹಾಳೆ ತಿರುಗಿಸಿ ಬೆರಳಿಟ್ಟ. "ನೋಡಿ. ಕರೆ ಕೇಳಿದಾಗ ಗೂಳಿ ಕಿವಿ ಮುಂದಕ್ಕೆ ಮಾಡಲ್ಲ, ಹಿಂದಕ್ಕೆ ಮಾಡ್ತದೆ. ದನ ನಂಬಿದ್ರೆ ಕಿವಿ ಮುಂದಕ್ಕೆ. ನಿಜವಾದ ದನಿ ಕೇಳಿ ಬೆಳೆದೋರು ನಕಲನ್ನ ಬೇರೆ ಅಂತ ಕಂಡುಹಿಡಿದೇ ಹಿಡೀತಾರೆ, ಮಿಸ್."

"ನೀವೂನಾ?"

"ನಾನೂನೂ."

ಪುಸ್ತಕದ ಮೇಲೆ ಅವನ ಬೆರಳೂ ಅವಳ ಬೆರಳೂ ಒಂದೇ ಸಾಲಿನ ಎರಡು ತುದಿಯಲ್ಲಿದ್ದವು. ಅವನು ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಬೆಲ್ ಹೊಡೆಯಿತು. ಶಾಲೆಯ ಗಂಟೆಗೆ ಇಂಥ ಸಮಯದಲ್ಲೇ ಕೆಲಸ.

ಹಾಗೆ ಅವನು ಬಲವಾಗಿ ಹೇಳದಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಅವಳ ಹತ್ತಿರ ಒಂದು ಅಸ್ತ್ರವಿತ್ತು. ಆಗಸ್ಟಿನಲ್ಲಿ ಒಮ್ಮೆ ಅವನು ತನ್ನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದ. ತೋಟದಾಚೆಯ ಬಯಲು, ನೂರಾರು ದನ. ತಲೆಗೆ ಟವೆಲ್ ಸುತ್ತಿದ ಮುದುಕರೊಬ್ಬರು ಕೈಯಲ್ಲಿ ಕಬ್ಬಿನ ತುಂಡು ಹಿಡಿದು ಕರೆಯುತ್ತಾರೆ: "ಹೋ... ಬಾರೋ... ನನ್ನಪ್ಪಾ ಬಾರೋ..." ಬಾವಿಯ ತಳದಿಂದೆದ್ದು, ನಡುವೆ ಒಂದು ಕಡೆ ಒಡೆದು, ಕೊನೆಗೆ ನಾಲಿಗೆಯ ಒಂದು 'ಟಕ್'ನಲ್ಲಿ ಮುಗಿಯುವ ಕರೆ. ದೂರದಿಂದ ಒಂದು ಬಿಳಿ ಗೂಳಿ ಯಾವ ಆತುರವೂ ಇಲ್ಲದೆ ನಡೆದುಬರುತ್ತದೆ.

"ನಮ್ಮ ತಾತ, ಕರುಪ್ಪಯ್ಯ," ಎಂದಿದ್ದ. "ಇವು ದೇವರ ದನ. ಹಾಲು ಕರೆಯಲ್ಲ, ನೊಗ ಹೂಡಲ್ಲ. ಅದು ಪಟ್ಟದ ಗೂಳಿ. ಹಳೇದು ಹೋದಾಗ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡ್ತಾರೆ. ಯಾವ್ದು ಮೊದ್ಲು ಬಾಯಿ ಹಾಕ್ತದೋ ಅದಕ್ಕೆ ಪಟ್ಟ. ಮೂಗುದಾರ ಇಲ್ಲ, ಹಗ್ಗ ಇಲ್ಲ. ತಾತ ಕರೆದ್ರೆ ದೊಡ್ಡಿಗೆ ಬರ್ತದೆ. ಮನೆಯವರು ಬಿಟ್ಟು ಬೇರೆ ಯಾರೂ ಅದನ್ನ ಕರೀಬಾರ್ದು."

"ಎಲೆಕ್ಷನ್‌ಗಿಂತ ವಾಸಿ," ಎಂದಿದ್ದಳು ಅವಳು. ಎಡಮೂಲೆ ಎದ್ದಿತ್ತು. ಆ ಕರೆ ಅಂದೇ ಅವಳ ಗಂಟಲಿಗೆ ಬಂದು ಹದಿನೇಳನೆಯ ನಿವಾಸಿಯಾಗಿ ಮೂಲೆ ಹಿಡಿದಿತ್ತು.

*

ಶುಕ್ರವಾರ ಊಟದ ಬಿಡುವು. ಲೈಬ್ರರಿ ಅಟೆಂಡರ್ ಪೊನ್ನುತಾಯಿ ಹೊಸ ಸಿಮ್ ಹಾಕಿದ್ದಳು. ನಂಬರು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

"ಒಂದೇ ಒಂದು ನಿಮಿಷ ಕೊಡು ಪೊನ್ನುತಾಯಿ. ಗಣಿತ ಮೇಷ್ಟ್ರ ಗರ್ವ ಇಳಿಸ್ಬೇಕು."

"ಬೇಡ ಟೀಚರ್... ಸರಿ, ಸ್ಪೀಕರ್ ಹಾಕಿ," ಎಂದಳು ಪೊನ್ನುತಾಯಿ, ಒಂದೇ ಉಸಿರಿನಲ್ಲಿ.

ಅವನು ಕಾರಿಡಾರಿನ ಆ ತುದಿಯ ಕ್ಲಾಸಿನಲ್ಲಿ ಒಬ್ಬನೇ ಕೂತು ನೋಟ್‌ಬುಕ್ ತಿದ್ದುತ್ತಿದ್ದ. ಫೋನ್ ಎತ್ತಿದ. ಯುವಶ್ರೀ ಗಂಟಲು ಕೆಳಗಿಳಿಸಿದಳು.

"ಲೋ ತಮಿಳು... ನಾ ಕಣೋ, ತಾತ. ಮನೆ ಕಡೆ ಬರಲ್ವೇನೋ? ಗೂಳಿ ನಿನ್ನ ಕೇಳ್ತೈತೆ..." ನಾಲಿಗೆಯ 'ಟಕ್' ಕೂಡ ಮರೆಯಲಿಲ್ಲ.

ಆ ಕಡೆಯಿಂದ ಒಂದೇ ಮಾತು. "ತಾತಾ?"

ಆ ಮಾತು ಮೂವತ್ತು ವರ್ಷದವನದ್ದಾಗಿರಲಿಲ್ಲ. ಐದು ವರ್ಷದವನದ್ದಾಗಿತ್ತು. ಅಲ್ಲೇ ನಿಲ್ಲಿಸಬೇಕಿತ್ತು. 'ಮೈನಾ ಗೆದ್ದಿತು!' ಎಂದು ಕೂಗಲು ಅವಳು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿತು. ಫೋನ್ ಕಟ್ ಆಯಿತು. ಕಿಟಕಿಯಿಂದ ನೋಡಿದರೆ ಅವನು ಹೆಡ್‌ಮಾಸ್ಟರರ ರೂಮಿನ ಕಡೆ ಓಡುತ್ತಿದ್ದ. ತಮಿಳ್‌ಸೆಲ್ವನ್ ಓಡಿದ್ದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೇಟಿನ ತನಕ ಹೋಗಿ ಬರ್ತಾರೆ ನೋಡು," ಎಂದಳು ಯುವಶ್ರೀ.

ಅವನು ಗೇಟು ದಾಟಿದ. ಬರಲಿಲ್ಲ.

ಅರ್ಧ ಗಂಟೆಯ ನಂತರ ಪೊನ್ನುತಾಯಿ ಹಾಜರಿ ಪುಸ್ತಕ ತರಲು ಹೆಡ್‌ಮಾಸ್ಟರರ ರೂಮಿಗೆ ಹೋಗಿ, ಒಂದು ಕಾಗದ ಹಿಡಿದುಕೊಂಡು ವಾಪಸು ಬಂದಳು. ರಜಾ ಚೀಟಿ. ಗಣಿತದವನ ದುಂಡಗಿನ ಅಕ್ಷರ ಅಂದು ಓರೆಯಾಗಿ ಓಡಿತ್ತು:

'ಸ್ಟ್ರೋಕ್ ಆಗಿ ಹನ್ನೊಂದು ತಿಂಗಳಿಂದ ಮಾತು ನಿಂತಿದ್ದ ನನ್ನ ತಾತನವರಿಗೆ ಇಂದು ಮಾತು ಬಂದಿದೆ. ಆದ್ದರಿಂದ ಅರ್ಧ ದಿನದ ರಜೆ ಬೇಕು.'

ಯುವಶ್ರೀ ಅದನ್ನು ಮೂರು ಸಲ ಓದಿದಳು. ನಾಲ್ಕನೆಯ ಸಲ ಅಕ್ಷರ ಕಾಣಲಿಲ್ಲ.

ವಿಡಿಯೋ ಹೋದ ವರ್ಷದ ಪೊಂಗಲ್ಲಿನದು. ಅವನು ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ. ಅವಳು ಯಾರನ್ನೂ ಏನನ್ನೂ ಕೇಳುವವಳಲ್ಲ. ಕೇಳಿಸಿಕೊಳ್ಳುವವಳು, ಕದಿಯುವವಳು.

ಫೋನ್ ಮಾಡಿದಳು. ಎಂಗೇಜ್. ಅವನು ಮನೆಗೆ ಮಾಡುತ್ತಿರಬೇಕು, ಊರಿಗೆಲ್ಲ ಹೇಳುತ್ತಿರಬೇಕು. ಮತ್ತೆ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮೆಸೇಜ್ ಟೈಪ್ ಮಾಡಿದಳು: 'ಸಾರ್, ಅದು ನಾನು.' ಅಳಿಸಿದಳು. 'ಸಾರ್, ತಮಾಷೆಗೆ' ಎಂದು ಬರೆದಳು. ಅದನ್ನೂ ಅಳಿಸಿದಳು. ಹದಿನೇಳು ಜನರ ದನಿಯಲ್ಲಿ ಏನು ಬೇಕಾದರೂ ಹೇಳಬಲ್ಲವಳಿಗೆ ತನ್ನ ಹೆಸರಿನಲ್ಲಿ ನಾಲ್ಕು ಪದ ಬರೆಯಲಾಗಲಿಲ್ಲ.

ಅಂದು ಮನೆಯಲ್ಲಿ ಅಪ್ಪ ವೇಲುಸಾಮಿ ವೀಳ್ಯದೆಲೆ ಕಟ್ಟುಗಳಿಗೆ ನೀರು ಚಿಮುಕಿಸುತ್ತ, "ಯಾಕಮ್ಮಾ ಇವತ್ತು ಯಾರೂ ಬಂದಿಲ್ಲ?" ಎಂದು ಕೇಳಿದರು. ದಿನಾ ಸಂಜೆ ಅವಳು ಅವರಿಗೆ ಒಬ್ಬರನ್ನಾದರೂ ಮಾಡಿ ತೋರಿಸುತ್ತಿದ್ದಳು.

"ಎಲ್ಲಾರೂ ಹೋಗ್ಬಿಟ್ರು ಅಪ್ಪಾ," ಎಂದಳು.

*

ಶನಿವಾರ ಬೆಳಿಗ್ಗೆ ಮೊದಲ ಕಂಬಂ ಬಸ್ಸು ಹಿಡಿದಳು. ಕಿಟಕಿಯ ಪಕ್ಕದ ಸೀಟು. ಪೆರಿಯಕುಳಂ ದಾಟಿತು, ತೇನಿ ಬಂತು. ಕಂಡಕ್ಟರ್ ಹಾಡುವ ಹಾಗೆ ಊರುಗಳ ಹೆಸರು ಕೂಗಿದ. ಬೇರೆ ದಿನವಾಗಿದ್ದರೆ ಅವನು ಹದಿನೆಂಟನೆಯವನಾಗಿಬಿಡುತ್ತಿದ್ದ. ಇಂದು ಅವಳು ಕಿವಿಗೆ ದುಪಟ್ಟಾ ಸುತ್ತಿಕೊಂಡಳು.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಹೆಣೆದಳು. ಹೆಣೆದದ್ದೆಲ್ಲ ಯಾರದೋ ದನಿಯಲ್ಲಿ ಬರುತ್ತಿತ್ತು. ಒಮ್ಮೆ ಹೆಡ್‌ಮಾಸ್ಟರ್ ಕೆಮ್ಮಿ ಕ್ಷಮೆ ಕೇಳಿದರು. ಒಮ್ಮೆ ಮಲ್ಲಿಗೆ ಅಕ್ಕ ಮೂಗಿನಿಂದ ಅತ್ತಳು. ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಸ್ಸಿನಿಂದ ಇಳಿಸುತ್ತ ಹೋದಳು. ಉತ್ತಮಪಾಳಯಂ ದಾಟುವಾಗ ಒಳಗೆ ಯಾರೂ ಉಳಿದಿರಲಿಲ್ಲ. ಭಯವೊಂದೇ ಇತ್ತು.

ಕಂಬಂಗೆ ಎರಡು ಸ್ಟಾಪು ಮುಂಚೆ ಇಳಿದು, ದ್ರಾಕ್ಷಿ ಚಪ್ಪರಗಳ ನಡುವಿನ ಮಣ್ಣು ದಾರಿಯಲ್ಲಿ ನಡೆದಳು. ದೇವರ ದನದ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಜಗಲಿಯ ಮೇಲೆ ಅಜ್ಜಿ ಪಿಚ್ಚೈಯಮ್ಮಾಳ್ ಕಾಲು ಚಾಚಿ ಕೂತಿದ್ದರು. ಕಣ್ಣು ಊದಿತ್ತು.

"ಅವ್ವಾ, ನಾನು ತಮಿಳ್‌ಸೆಲ್ವನ್ ಸಾರ್ ಇಸ್ಕೂಲಿಂದ..." ತೊಡರುವ ಮನೆಮಾತಿನಲ್ಲೇ ಶುರುಮಾಡಿದಳು.

"ಟೀಚರಮ್ಮನಾ? ಬಾ ಕಣ್ಣು, ಕೂತ್ಕ. ನಮ್ಮ ಮಾತು ಆಡ್ತೀಯೆ! ಯಾರ ಮಗಳು?"

"ಬತ್ತಲಗುಂಡು ವೇಲುಸಾಮಿ ಮಗಳು. ಅವ್ವಾ, ನಾನು ಒಂದು ವಿಷ್ಯ..."

"ವೀಳ್ಯದೆಲೆ ವೇಲುಸಾಮಿನಾ? ಅವರಮ್ಮ ನಮ್ಮ ಊರಿನ ಕಡೆಯವಳೇ. ಯಾವ ಬೆಡಗು ನೀವು, ಯಾವ ಕುಲ?"

ಯುವಶ್ರೀ ಹೇಳಿದಳು. ಅಜ್ಜಿ ಅದನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡವರಂತೆ ತಲೆಯಾಡಿಸಿದರು. ನೀರು ಕೊಟ್ಟರು. ಆಮೇಲೆ ತಾವೇ ಶುರುಮಾಡಿದರು.

"ನೆನ್ನೆ ನಮ್ಮನೇಲಿ ಏನಾಯ್ತು ಗೊತ್ತಾ? ಇವನು ಬಸ್ಸಿಂದ ಫೋನ್ ಮಾಡಿ, 'ಅವ್ವಾ, ತಾತ ಮಾತಾಡಿದ್ರು' ಅಂದ. ನಾ ಓಡಿಹೋಗಿ ಅವರ ಮುಂದೆ ಕೂತ್ಕಂಡೆ. 'ನನ್ ಹತ್ರ ಮಾತಾಡಲ್ಲ, ಮೊಮ್ಮಗನ ಹತ್ರ ಮಾತ್ರ ಆಡ್ತೀಯಾ' ಅಂತ ಬೈದೆ. 'ಒಂದ್ಸಲ ಪಿಚ್ಚೈ ಅನ್ನು' ಅಂತ ಕೇಳ್ದೆ. ಬೀದಿ ಜನ ಎಲ್ಲಾ ಬಂದು ಕೂತ್ರು. ಪಾಪ, ಬಾಯಿ ಇಷ್ಟು ತೆಗೆದ್ರು. ಏನೂ ಬರಲಿಲ್ಲ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಅನ್ನಾನೂ ಬೇಡ ಅಂದ್ರು."

ಯುವಶ್ರೀ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

ಬಾಗಿಲಲ್ಲಿ ತಲೆ ತಗ್ಗಿಸಿ ತಮಿಳ್‌ಸೆಲ್ವನ್ ಹೊರಗೆ ಬಂದ. ನಿನ್ನೆಯ ಅದೇ ಶರ್ಟು. ಅವಳನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಅದು ನಾನು," ಎಂದಳು. ತಯಾರಿಸಿದ್ದರಲ್ಲಿ ಅದೊಂದೇ ಉಳಿದಿತ್ತು. "ಫೋನ್ ಮಾಡಿದ್ದು ನಾನು. ತಾತಂಗೆ ಮಾತಿಲ್ಲ ಅಂತ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅನ್ನೋದು ಸಾಕಾಗಲ್ಲ, ಅದೂ ಗೊತ್ತು."

ಅಜ್ಜಿಯ ಬಾಯಿ ಅರ್ಧ ತೆರೆದು ನಿಂತಿತು.

"ಗೊತ್ತು," ಎಂದ ಅವನು.

"ಯಾವಾಗಿಂದ?"

"ವೀರಪಾಂಡಿ ಸ್ಟಾಪಿಂದ." ಜಗಲಿಯ ಕಂಬಕ್ಕೆ ಒರಗಿದ. "ತಾತ ನನ್ನ ಯಾವತ್ತೂ ಹೆಸರು ಹಿಡಿದು ಕರೆದಿಲ್ಲ ಮಿಸ್. 'ಲೋ ಕುಳ್ಳಾ' ಅಂತಾರೆ. ಎಂಟನೇ ಕ್ಲಾಸಿನ ತನಕ ಕುಳ್ಳ ಇದ್ದೆ. ಅದು ಬಸ್ಸಲ್ಲಿ ನೆನಪಾಯ್ತು. ಅಷ್ಟೊತ್ತಿಗೆ ಅವ್ವಂಗೆ ಹೇಳಿಬಿಟ್ಟಿದ್ದೆ."

"ಗೊತ್ತಾದ ಮೇಲೆ ಇಳಿದು ವಾಪಸ್ ಬರಬೋದಿತ್ತಲ್ಲಾ... ನನ್ನ ಬೈಯೋಕಾದ್ರೂ."

"ಬರಬೋದಿತ್ತು." ಅವನು ದ್ರಾಕ್ಷಿ ಚಪ್ಪರದ ಕಡೆ ನೋಡಿದ. ಈ ಸಲ ಅದನ್ನು ನಿಜವಾಗಿಯೂ ನೋಡುತ್ತಿದ್ದ. "ಆ ದನಿ ಕೇಳಿ ಹನ್ನೊಂದು ತಿಂಗಳಾಗಿತ್ತು. ಇನ್ನೊಂದ್ಸಲ ಬರ್ತದೇನೋ ಅಂತ, ನಿಮ್ಮ ನಂಬರ್ ಎತ್ತದೆ, ಆ ಹೊಸ ನಂಬರಿಗೇ ಕಾಯ್ತಾ ಫೋನು ಕೈಯಲ್ಲೇ ಇಟ್ಕಂಡು ಕೂತಿದ್ದೆ. ಸುಳ್ಳು ಅಂತ ಗೊತ್ತಿದ್ದೇ."

ಅವಳಿಗೆ ಗೂಳಿ ನೆನಪಾಯಿತು. ಹಿಂದಕ್ಕೆ ಮಡಿಚಿದ ಕಿವಿ, ಆದರೂ ಹೊಳೆ ದಾಟಿದ ಕಾಲು. ಜನನಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಂಥ ಉತ್ತರ ಸಿಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ಬೈದುಬಿಡಿ ಸಾರ್."

"ಅದೇ ಕಷ್ಟ. ನೆನ್ನೆಯಿಂದ ನೋಡ್ತಿದ್ದೀನಿ, ಕೋಪ ಬರ್ತಿಲ್ಲ," ಎಂದ. "ನಗೂನೂ ಬರ್ತಿಲ್ಲ."

ಒಳಗಿಂದ ಕೋಲು ನೆಲಕ್ಕೆ ಬಡಿದ ಸದ್ದು ಬಂತು. ಕರುಪ್ಪಯ್ಯನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

*

ವಿಡಿಯೋದ ಟವೆಲ್ ಇತ್ತು, ವಿಡಿಯೋದ ಎದೆ ಇರಲಿಲ್ಲ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಬೇರೆಯವರದ್ದೆಂಬಂತೆ ಬಿದ್ದಿತ್ತು. ಯುವಶ್ರೀ ಅವರ ಕಾಲ ಬಳಿ ಕೂತು, ನೆಲ ನೋಡುತ್ತ ಹೇಳಿದಳು:

"ನಿಮ್ಮ ದನಿ ಕದ್ದೆ ತಾತಾ. ಕೇಳದೇ ಕದ್ದೆ. ತಪ್ಪಾಯ್ತು."

ಎಡಗೈ ನಿಧಾನವಾಗಿ ಬಂತು. ಆಶೀರ್ವಾದ ಎಂದುಕೊಂಡು ತಲೆ ಬಗ್ಗಿಸಿದಳು. ಆ ಕೈ ಅವಳ ಕಿವಿ ಹಿಡಿಯಿತು. ಅರವತ್ತು ವರ್ಷ ದನ ಕಾಯ್ದ ಕೈ. ಒಂದು ಸುತ್ತು ತಿರುಗಿಸಿತು, ಬಿಡಲಿಲ್ಲ.

"ಆ... ತಾತಾ..."

ಕಿವಿ ಹಿಡಿದುಕೊಂಡೇ ಅವರು ತಲೆಯೆತ್ತಿ ತಮ್ಮ ಗಂಟಲು ತೋರಿಸಿದರು. ಆಮೇಲೆ ಗದ್ದ ಚಾಚಿ ಅವಳ ಗಂಟಲು ತೋರಿಸಿದರು. ಆಮೇಲೆ ಹೊರಗಿನ ಬಯಲು.

"ಕರಿ ಅಂತಾವ್ರೆ," ಎಂದರು ಅಜ್ಜಿ ಬೆರಗಾಗಿ. "ಗೂಳೀನ ಕರಿ ಅಂತಾವ್ರೆ."

"ಬೇಡ ತಾತಾ. ಇನ್ನು ಯಾವತ್ತೂ ಮಾಡಲ್ಲ. ಆಣೆ."

ಕಿವಿ ಇನ್ನೊಂದು ಸುತ್ತು ತಿರುಗಿತು.

ತಮಿಳ್‌ಸೆಲ್ವನ್ ತಾತನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಬೇಲಿಯ ಬಳಿ ಇಳಿಸಿದ. ಬಯಲಿನ ತುಂಬ ದನ, ದನದ ಬೆನ್ನ ಮೇಲೆಲ್ಲ ಬೆಳ್ಳಕ್ಕಿ. ಬಹಳ ದೂರದಲ್ಲಿ, ಹುಣಸೆಮರದ ಕೆಳಗೆ, ಬಿಳಿ ಗೂಳಿ ಒಂಟಿಯಾಗಿ ನಿಂತಿತ್ತು. ಹನ್ನೊಂದು ತಿಂಗಳಿಂದ ಅದು ದೊಡ್ಡಿಗೆ ಬಂದಿಲ್ಲ ಎಂದ ಅವನು. ಹಗ್ಗ ಹಾಕಿ ಎಳೆದು ತರುವ ಹಾಗಿಲ್ಲ. ಅವನೂ ಕರೆದು ನೋಡಿದ್ದ, ತಿರುಗಿಯೂ ನೋಡಿರಲಿಲ್ಲ. ಕಬ್ಬನ್ನು ಅದು ನಿಂತಲ್ಲಿಗೇ ಒಯ್ದು ಕೊಡುತ್ತಿದ್ದರು. ಬಿಸಿಲು, ಮಳೆ ಎಲ್ಲಾ ಆ ಮರದ ಕೆಳಗೇ.

ತಾತ ಎಡಗೈಯಲ್ಲಿ ಹಿಡಿದು ತಂದಿದ್ದ ಕಬ್ಬಿನ ತುಂಡನ್ನು ಯುವಶ್ರೀಯ ಕೈಯಲ್ಲಿಟ್ಟರು.

ಅವಳು ಕಣ್ಣು ಮುಚ್ಚಿದಳು. ಇದುವರೆಗೆ ಎಷ್ಟೋ ದನಿ ತೆಗೆದಿದ್ದಳು, ಒಂದನ್ನೂ ಯಾರೂ ಕೈಯಾರೆ ಕೊಟ್ಟಿರಲಿಲ್ಲ.

"ಹೋ... ಬಾರೋ... ನನ್ನಪ್ಪಾ ಬಾರೋ..."

ದನಿ ಬಾವಿಯ ತಳದಿಂದ ಎದ್ದಿತು. ನಡುವೆ ಒಡೆಯಬೇಕಾದಲ್ಲಿ ಒಡೆಯಿತು. ಅದು ಈ ಸಲ ಅನುಕರಣೆಯಲ್ಲ, ನಿಜವಾಗಿ ಒಡೆದದ್ದು. ಕೊನೆಗೆ 'ಟಕ್'.

ಹುಣಸೆಮರದ ಕೆಳಗೆ ಗೂಳಿ ತಲೆಯೆತ್ತಿತು. ಕಿವಿ ಹಿಂದಕ್ಕೆ ಹೋಯಿತು. ತಮಿಳ್‌ಸೆಲ್ವನ್ ಮತ್ತು ಯುವಶ್ರೀ ಇಬ್ಬರೂ ಅದನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಗೊತ್ತಾಗಿದೆ ಅದಕ್ಕೆ. ಆಮೇಲೆ, ಗೊತ್ತಾದ ಮೇಲೂ, ಅದು ಒಂದು ಕಾಲು ಮುಂದಿಟ್ಟಿತು. ಇನ್ನೊಂದು ಕಾಲು. ಮಂದೆ ಎರಡಾಗಿ ಸರಿದು ದಾರಿ ಬಿಟ್ಟಿತು.

ಗೂಳಿ ಬಂದು, ಮೊದಲು ತಾತನ ಸತ್ತ ಬಲಗೈಯನ್ನು ಮೂಸಿತು. ಅಲ್ಲೇ ಬಹಳ ಹೊತ್ತು ನಿಂತಿತು. ತಾತ ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟರು. ಆಮೇಲೆ ಅದು ಯುವಶ್ರೀಯ ಕಡೆ ತಿರುಗಿ ಕಬ್ಬಿಗೆ ಬಾಯಿ ಹಾಕಿತು.

ಅಜ್ಜಿ ಸೀರೆಯ ಸೆರಗಿನಿಂದ ಮೂಗು ಒರೆಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡರು. ಅಳು ಮುಗಿದಿತ್ತು. ಈಗ ವ್ಯವಹಾರ.

"ಆಯ್ತಲ್ಲಾ ಎಡವಟ್ಟು," ಎಂದರು. "ಮನೆಯವರು ಬಿಟ್ಟು ಬೇರೆ ಯಾರೂ ಇದನ್ನ ಕರೀಬಾರ್ದು. ಇವಳು ಕರೆದ್ಲು. ಇದು ಬಂದ್ಬಿಡ್ತು. ಅವಳ ಕೈಯಿಂದ ತಿಂದೂಬಿಡ್ತು. ಈಗ ಏನ್ ಮಾಡೋದು?"

"ಪ್ರಾಯಶ್ಚಿತ್ತ ಏನಾದ್ರೂ ಇದ್ರೆ ಮಾಡ್ತೀನಿ ಅವ್ವಾ," ಎಂದಳು ಯುವಶ್ರೀ. ಇನ್ನೊಂದು ತಪ್ಪು! ಬಂದದ್ದು ಒಂದನ್ನು ತೊಳೆಯಲು.

"ಇದೆ. ಒಂದೇ ದಾರಿ. ಕರೆದವಳು ಮನೆಯವಳಾಗ್ಬೇಕು." ಅಜ್ಜಿಯ ಊದಿದ ಕಣ್ಣಿನಲ್ಲಿ ಏನೋ ಮಿನುಗಿತು. "ಬೆಡಗು ಬೇರೆ ಬೇರೆ, ಮದ್ವೆಗೆ ಅಡ್ಡಿಯಿಲ್ಲ. ಅದನ್ನ ನಾ ಆಗ್ಲೇ ಕೇಳ್ಕಂಡೆ. ಕುಳ್ಳಾ, ದಿನಾ ಫೋನಲ್ಲಿ ಆ ಮೈನಾ ಟೀಚರ್, ಮೈನಾ ಟೀಚರ್ ಅಂತ ನನ್ನ ಕಿವಿ ತೂತು ಮಾಡ್ತಿದ್ದೆಯಲ್ಲಾ, ಇವಳೇ ತಾನೆ? ವಾರಾವಾರ ಒಳ್ಳೇ ಗೊಂಚಲು ನೋಡಿ ನೋಡಿ ಕಿತ್ಕಂಡು ಹೋಗ್ತಿದ್ದೆಯಲ್ಲಾ, ಇವಳಿಗೇ ತಾನೆ?"

ತಮಿಳ್‌ಸೆಲ್ವನ್‌ನ ಕಿವಿ ಕೆಂಪಾಯಿತು. ನೋಡಲು ಇಲ್ಲಿ ಕಿಟಕಿಯೂ ಇರಲಿಲ್ಲ.

"ಟೀಚರಮ್ಮಾ, ನೀ ಏನಂತೀಯ?"

ಯುವಶ್ರೀಗೆ ಹೇಳಬೇಕಾದ್ದು ಗೊತ್ತಿತ್ತು. ಜೂನ್‌ನಿಂದ ಗೊತ್ತಿತ್ತು. ಆದರೆ ಹೇಳಲು ದನಿಯೆಲ್ಲಿದೆ? ಗಾಬರಿಯಲ್ಲಿ ಕೈಗೆ ಸಿಕ್ಕವರನ್ನು ಹಿಡಿದುಕೊಂಡಳು. ಬಾಯಿ ತೆರೆದಾಗ ಹೊರಗೆ ಬಂದದ್ದು ತಮಿಳ್‌ಸೆಲ್ವನ್‌ನ ದನಿ, ಅದೇ ಮೆಲುಗಂಭೀರ, ಅದೇ ನಿಧಾನ:

"ಸರಿ ಅವ್ವಾ. ನಂಗೆ ಒಪ್ಪಿಗೆ. ಇವಳನ್ನೇ ಕಟ್ಕೊಳ್ತೀನಿ."

ಅಜ್ಜಿ ಮೊಮ್ಮಗನ ಬಾಯಿ ನೋಡಿದರು. ಅದು ಮುಚ್ಚಿತ್ತು.

ಯುವಶ್ರೀ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಕ್ಷಮೆ ಕೇಳಲು ಬಂದ ಮನೆಯಲ್ಲಿ ಎರಡನೆಯ ಕಳವು!

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಪಾಲಿಂದು ಒಂದಕ್ಷರ ತಪ್ಪಿಲ್ಲದೆ ಹೇಳಿದ್ರಿ," ಎಂದ. "ನಾನೇ ಹೇಳಿದ್ರೆ ಇನ್ನೂ ಆರು ತಿಂಗಳು ಹಿಡೀತಿತ್ತು. ಈಗ ನಿಮ್ಮ ಪಾಲಿಂದು ಹೇಳಿ. ನಿಮ್ಮದೇ ಗಂಟಲಲ್ಲಿ."

ಗೂಳಿ ಜಗಿಯುವುದನ್ನು ನಿಲ್ಲಿಸಿತು. ತಾತ ಕೋಲಿನ ಮೇಲೆ ಗಲ್ಲವಿಟ್ಟರು. ಯುವಶ್ರೀ ಕೈ ಕೆಳಗಿಳಿಸಿ, ಅವನ ಕಣ್ಣನ್ನೇ ನೋಡುತ್ತ, ಬಾಯಿ ತೆರೆದಳು. ಒಳಗೆ ಮತ್ತೆ ಬಂದು ಸೇರಿದ್ದ ಹದಿನೇಳು ಜನರೂ ಒಂದು ಪಕ್ಕಕ್ಕೆ ಸರಿದು ನಿಂತರು.

"ನಾ... ನಂಗೂ..."

ಬಂದದ್ದು ಮಾತೋ, ಬಿಕ್ಕಳಿಕೆಯೋ, ಬಾಗಿಲ ಸಂದಿಗೆ ಸಿಕ್ಕಿದ ಬೆಕ್ಕಿನ ಮರಿಯೋ! ಅರ್ಧ ಕೀರಲು, ಅರ್ಧ ಗೊಗ್ಗರು. ಪಟ್ಟದ ಗೂಳಿ ಬೆಚ್ಚಿಬಿದ್ದು, ಕಬ್ಬು ಉಗುಳಿ, ಎರಡು ಹೆಜ್ಜೆ ಹಿಂದಕ್ಕೆ ಹಾರಿತು.

ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡರು. ಮಾತಿಲ್ಲದ ತಾತನ ಎದೆಯಿಂದ ಒಂದು "ಹ್ಹೆ" ಹೊರಬಿತ್ತು, ಅದರ ಹಿಂದೆ ಇನ್ನೊಂದು. ಮಾತನ್ನು ಕೊಂಡೊಯ್ದ ಕಾಯಿಲೆ ನಗುವನ್ನು ಅಲ್ಲೇ ಬಿಟ್ಟುಹೋಗಿತ್ತು. ಹನ್ನೊಂದು ತಿಂಗಳಲ್ಲಿ ಅದಕ್ಕೆ ಕೆಲಸ ಬಿದ್ದಿರಲಿಲ್ಲ, ಅಷ್ಟೆ.

ತಮಿಳ್‌ಸೆಲ್ವನ್‌ನ ಎಡಮೂಲೆ ಎದ್ದಿತು. ಯುವಶ್ರೀ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಬಲಮೂಲೆ ಅದುರಿತು, ರಜೆ ಮುಗಿಸಿ ಎದ್ದಿತು.

"ಕೊನೇ ಪುಟ!" ಎಂದ ಅವನು, ಅವಳತ್ತ ಬೆರಳು ತೋರಿಸುತ್ತ. "ಆ ಮೈನಾ... ಕೊನೇ ಪುಟದಲ್ಲಿ... ಹಿಂಗೇ ಕೂಗಿದ್ದು!"

ಮುಂದೆ ಮಾತು ಬರಲಿಲ್ಲ. ಉದ್ದನೆಯ ಮನುಷ್ಯ ಬೇಲಿಯ ಗೂಟ ಹಿಡಿದು ಎರಡಾಗಿ ಮಡಿಚಿಕೊಂಡ. ಅಜ್ಜಿ ನಕ್ಕಿದ್ದು, ತಾತ ನಕ್ಕಿದ್ದು, ಕಿವಿ ಉರಿಯುತ್ತಿದ್ದ ಯುವಶ್ರೀ ಅಳುತ್ತಲೇ ನಕ್ಕಿದ್ದು, ಎಲ್ಲವೂ ಅವನ ನಗೆಯ ಕೆಳಗೆ ಮುಚ್ಚಿಹೋದವು. ಬಯಲಿನ ದನಗಳ ಬೆನ್ನ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಹಾರಿದವು.